ಬೆಂಕಿರೇಖೆಯ ಪಕ್ಕದ ಬ್ಯಾಂಕ್ಸಿಯಾಗಳು: ಬೇರುಕೊಳೆ ತಡೆಯುವ ಕೆಲಸದ ದಿನಚರಿ

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದ ಪೂರ್ವಕ್ಕೆ, ಡಾರ್ಲಿಂಗ್ ಬೆಟ್ಟಸಾಲಿನ ಮೇಲೆ ನಮ್ಮ ಐದು ಎಕರೆ ಜಾಗವಿದೆ. ಮನೆ ಮತ್ತು ಅಂಗಳ ಸೇರಿ ಒಂದು ಎಕರೆಯಾದರೆ, ಉಳಿದ ನಾಲ್ಕು ಎಕರೆ ಮೊದಲಿನಿಂದ ಇದ್ದ ಕಾಡೇ. ಮೇಲೆ ಜಾರಾ ಮತ್ತು ಮಾರಿ ಎಂಬ ಎರಡು ಜಾತಿಯ ದೊಡ್ಡ ಮರಗಳು, ಅವುಗಳ ನೆರಳಿನಲ್ಲಿ ಗರಗಸದ ಹಲ್ಲಿನಂಥ ಎಲೆಯ ಬುಲ್ ಬ್ಯಾಂಕ್ಸಿಯಾ ಎಂಬ ಚಿಕ್ಕ ಮರಗಳು, ನೆಲಮಟ್ಟದಲ್ಲಿ ಹುಲ್ಲಿನ ಜುಟ್ಟು ಬಿಟ್ಟ ಬಾಲ್ಗಾ ಮತ್ತು ಜಾಮಿಯಾ. ಬೇಸಿಗೆಯಲ್ಲಿ ಬೆಂಕಿ ಬೀಳುವುದು ಇಲ್ಲಿ ಹೊಸ ಸಂಗತಿಯಲ್ಲ. ಈ ಗಿಡಗಳೆಲ್ಲ ಬೆಂಕಿಯ ಜೊತೆಗೇ ಬದುಕಲು ಕಲಿತವು. ಅವುಗಳಿಗೆ ಎದುರಿಸಲು ಬಾರದಿರುವುದು ಮಣ್ಣಿನಲ್ಲಿ ಬರುವ ಫೈಟಾಫ್ತೊರಾ ಸಿನಮೊಮಿ ಎಂಬ ಬೇರುಕೊಳೆ ಜೀವಿ. ಇಲ್ಲಿಯವರು ಅದು ತರುವ ರೋಗವನ್ನು ಚಿಕ್ಕದಾಗಿ ‘ಡೈಬ್ಯಾಕ್’ ಎನ್ನುತ್ತಾರೆ. ಕಳೆದ ಎರಡೂವರೆ ವರ್ಷಗಳಲ್ಲಿ ಅದನ್ನು ತಡೆಯಲು ಮಾಡಿದ ಕೆಲಸವನ್ನು, ಮಾಡಿದ ತಪ್ಪುಗಳ ಸಮೇತ, ನೋಟ್‌ಪುಸ್ತಕದಿಂದ ಇಲ್ಲಿ ಇಳಿಸುತ್ತಿದ್ದೇನೆ. ಕೆಲಸ ಮುಗಿದಿಲ್ಲ.

ಹಂತ 1. ಫೆಬ್ರವರಿ 2023: ಸಾಲಾಗಿ ಸತ್ತ ಮರಗಳು

ಬೇಸಿಗೆ ಹತ್ತುವ ಮುಂಚೆ ಪ್ರತಿ ವರ್ಷವೂ ಗಡಿಯುದ್ದಕ್ಕೂ ಮೂರು ಮೀಟರ್ ಅಗಲದ ಬೆಂಕಿರೇಖೆಯನ್ನು, ಅಂದರೆ ಬೆಂಕಿ ದಾಟದಂತೆ ಗಿಡ-ಹುಲ್ಲು ತೆಗೆದ ನೆಲದ ಪಟ್ಟಿಯನ್ನು, ತೆಗೆದಿಡಬೇಕೆಂದು ನಮ್ಮ ಸ್ಥಳೀಯ ಆಡಳಿತದ ನೋಟಿಸು ಹೇಳುತ್ತದೆ. ಆ ರೇಖೆಯ ದಕ್ಷಿಣ ಬದಿಯಲ್ಲಿ ಏಳು ಬುಲ್ ಬ್ಯಾಂಕ್ಸಿಯಾಗಳು ಒಂದೇ ತಿಂಗಳಿನಲ್ಲಿ ಒಣಗಿದವು. ಎಲೆ ಉದುರಲಿಲ್ಲ, ಇಡೀ ಮರ ಹಳದಿಯಾಗಿ, ಆಮೇಲೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಎಲೆಗಳನ್ನು ಹೊತ್ತುಕೊಂಡೇ ನಿಂತಿತು. ಅವುಗಳ ನಡುವೆಯೇ ಇದ್ದ ಮಾರಿ ಮರಕ್ಕೆ ಏನೂ ಆಗಿರಲಿಲ್ಲ. ಬರಗಾಲದ ಪೆಟ್ಟು ಎಂದುಕೊಂಡು ಸುಮ್ಮನಿದ್ದೆ. ಬ್ಯಾಂಕ್ಸಿಯಾ ಸಾಯುವುದು, ಪಕ್ಕದ ಮಾರಿ ಹಸಿರಾಗಿ ಉಳಿಯುವುದು, ಈ ಎರಡೂ ಜೊತೆಯಾಗಿ ಕಂಡರೆ ಮೊದಲು ಡೈಬ್ಯಾಕ್ ಎಂದೇ ಶಂಕಿಸಬೇಕು ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಹಂತ 2. ಮಾರ್ಚ್ 2023: ತಪ್ಪು ಕಾಲದಲ್ಲಿ ತೆಗೆದ ಮಣ್ಣು

ನೆರೆಯವರ ಸಲಹೆಯ ಮೇರೆಗೆ ಮಣ್ಣಿನ ಪರೀಕ್ಷೆ ಮಾಡಿಸಿದೆ. ನಾನು ಮಾಡಿದ್ದು ಇಷ್ಟು: ಸತ್ತು ತಿಂಗಳಾಗಿದ್ದ ಒಂದು ಮರದ ಬುಡದಲ್ಲಿ, ಮೂರು ಅಂಗುಲ ಆಳದ ಬಿಸಿ ಧೂಳನ್ನು ಕರಣಿಯಿಂದ ಕೆರೆದು ಚೀಲಕ್ಕೆ ತುಂಬಿ, ಅದನ್ನು ಎರಡು ದಿನ ಕಾರಿನ ಹಿಂಬದಿಯಲ್ಲಿ ಇಟ್ಟು, ಆಮೇಲೆ ಪ್ರಯೋಗಾಲಯಕ್ಕೆ ಕೊಟ್ಟೆ. ‘ರೋಗಜೀವಿ ಸಿಕ್ಕಿಲ್ಲ’ ಎಂದು ಉತ್ತರ ಬಂತು. ‘ಸಿಕ್ಕಿಲ್ಲ’ ಎಂಬುದನ್ನು ‘ಇಲ್ಲ’ ಎಂದು ಓದಿಕೊಂಡದ್ದು ನನ್ನ ತಪ್ಪು. ಈ ಜೀವಿ ನಿಜವಾದ ಶಿಲೀಂಧ್ರವಲ್ಲ. ನೀರಿನಲ್ಲಿ ಈಜುವ ಬೀಜಕಣಗಳನ್ನು ಬಿಡುವ ಬೇರೆ ಗುಂಪಿಗೆ ಸೇರಿದ್ದು. ಒಣಮಣ್ಣಿನಲ್ಲಿ ಅದು ಬೇರಿನ ತುಣುಕುಗಳ ಒಳಗೆ ಅಡಗಿ ಕೂರುತ್ತದೆ. ಸುಡುವ ಮೇಲ್ಮಣ್ಣನ್ನು ಮಾತ್ರ ಕೆರೆದರೆ ಅದು ಕೈಗೆ ಸಿಗುವುದಿಲ್ಲ.

ಹಂತ 3. ಮೇ 2023: ಬಸಿಗಾಲುವೆ

ಈ ಇಡೀ ದಿನಚರಿಯಲ್ಲಿ ಬರೆಯಲು ಹಿಂಜರಿದ ಭಾಗ ಇದು.

ನಾನು ಶಿರಸಿ ಕಡೆಯ ಅಡಿಕೆ ತೋಟದ ಮನೆಯವನು. ಸತ್ತ ಬ್ಯಾಂಕ್ಸಿಯಾವನ್ನು ಅಗೆದು ನೋಡಿದಾಗ ಬೇರುಗಳು ಕಂದಾಗಿ, ಸಿಪ್ಪೆ ಕೈಗೆ ಕಳಚಿ ಬರುವಂತೆ ಕೊಳೆತಿದ್ದವು. ಮಳೆಗಾಲದಲ್ಲಿ ಬೆಂಕಿರೇಖೆಯ ಆ ಭಾಗದಲ್ಲಿ ನೀರು ನಿಲ್ಲುತ್ತಿದ್ದುದೂ ನಿಜ. ಫೋಟೊ ಕಳಿಸಿದಾಗ ಅಪ್ಪಯ್ಯ ಹೇಳಿದ್ದು ಒಂದೇ ಮಾತು: “ಬುಡದಲ್ಲಿ ನೀರು ನಿಲ್ಲದಿದ್ದಂಗೆ ಮಾಡ್ಕ ಮಾಣಿ, ಮದ್ದು ಆಮೇಲಾತು.” ಅಡಿಕೆ ತೋಟಕ್ಕೆ ಇದು ನೂರಕ್ಕೆ ನೂರು ಸರಿಯಾದ ಮಾತು. ನಮ್ಮ ಕೊಳೆರೋಗವೂ ಫೈಟಾಫ್ತೊರಾ ಕುಲದ ಜೀವಿಯದೇ, ಕಾಳುಮೆಣಸಿನ ಸೊರಗು ರೋಗವೂ ಅದೇ ಕುಲದ ಇನ್ನೊಂದರದ್ದು. ಆದರೆ ತೋಟದ ಬಸಿಗಾಲುವೆಯ ನೀರು ಕೊನೆಗೆ ಹೊಳೆಗೋ ಗದ್ದೆಗೋ ಹೋಗಿ ಸೇರುತ್ತದೆ. ನನ್ನ ಬಸಿಗಾಲುವೆಯ ನೀರು ಎಲ್ಲಿಗೆ ಹೋಗುತ್ತದೆ ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ.

ಸಣ್ಣ ಡಿಗ್ಗರ್ ಅನ್ನು ಒಂದು ದಿನಕ್ಕೆ 320 ಡಾಲರ್ ಬಾಡಿಗೆ ಕೊಟ್ಟು ತಂದು, 40 ಮೀಟರ್ ಉದ್ದ, 30 ಸೆಂ.ಮೀ. ಆಳದ ಕಾಲುವೆಯನ್ನು ಇಳಿಜಾರಿನ ಕಡೆಗೆ ತೆಗೆದೆ. ಅದರ ಬಾಯಿ ತೆರೆದುಕೊಂಡದ್ದು ಆವರೆಗೆ ಒಂದೂ ಮರ ಸಾಯದ, ಬ್ಯಾಂಕ್ಸಿಯಾ ದಟ್ಟವಾಗಿದ್ದ ಕೆಳಗಿನ ಮೂಲೆಗೆ. ಡಿಗ್ಗರಿನ ಬಕೆಟ್ಟು ಮತ್ತು ಪಟ್ಟಿಗಳಿಗೆ ಮೆತ್ತಿದ್ದ ಮಣ್ಣನ್ನು ತೊಳೆಯದೆ ಅದೇ ಯಂತ್ರವನ್ನು ಎರಡೂ ಬದಿಗೆ ಓಡಿಸಿದೆ. ಜೂನ್ ಮತ್ತು ಜುಲೈ ಮಳೆಯಲ್ಲಿ ಕಾಲುವೆ ಚೆನ್ನಾಗಿ ಹರಿಯಿತು. ಅದನ್ನು ನೋಡಿ ಸಂತೋಷಪಟ್ಟು ವೀಡಿಯೊ ಕೂಡ ತೆಗೆದಿದ್ದೆ.

ಹಂತ 4. ಸೆಪ್ಟೆಂಬರ್ 2023: ಪೇರುಹಣ್ಣಿನ ಪರೀಕ್ಷೆ

ವಸಂತದಲ್ಲಿ ಇನ್ನೂ ಮೂರು ಮರಗಳು ಬಾಡತೊಡಗಿದಾಗ ಮತ್ತೆ ಮಣ್ಣು ತೆಗೆದೆ. ಈ ಸಲ ಸರಿಯಾಗಿ. ನೆಲ ತೇವವಾಗಿ, ಬೆಚ್ಚಗಾಗುತ್ತಿರುವ ಹೊತ್ತು. ಆಗಷ್ಟೇ ಬಾಡುತ್ತಿರುವ ಮರ. ಬುಡದ ಸುತ್ತ ನಾಲ್ಕು ಕಡೆ 10ರಿಂದ 20 ಸೆಂ.ಮೀ. ಆಳದವರೆಗಿನ ಮಣ್ಣು, ಅದರೊಂದಿಗೆ ಕೊಳೆತ ಸಣ್ಣ ಬೇರುಗಳು. ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುವಾಗ ಕರಣಿಯನ್ನು ಬ್ರಷ್‌ನಿಂದ ಉಜ್ಜಿ ಮೆಥಿಲೇಟೆಡ್ ಸ್ಪಿರಿಟ್ ಸಿಂಪಡಿಸಿದೆ. ಚೀಲವನ್ನು ಐಸ್ ಇಲ್ಲದ ತಂಪುಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿದೆ.

ಅರ್ಧ ಮಣ್ಣನ್ನು ಮನೆಯಲ್ಲೇ ಉಳಿಸಿಕೊಂಡಿದ್ದೆ. ಹಳೆಯ ಐಸ್‌ಕ್ರೀಮ್ ಡಬ್ಬಿಯಲ್ಲಿ ಎರಡು ಅಂಗುಲ ಮಣ್ಣು, ಅದರ ಮೇಲೆ ಅದರ ಎರಡರಷ್ಟು ನೀರು, ನೀರಿನಲ್ಲಿ ಅರ್ಧ ಮುಳುಗುವಂತೆ ಗಾಯವಿಲ್ಲದ ಗಟ್ಟಿ ಹಸಿರು ಪೇರುಹಣ್ಣು (ಇಲ್ಲಿಯ ಪೇರು ಎಂದರೆ ಸೀಬೆಯಲ್ಲ, ಸೇಬಿನ ಕುಟುಂಬದ ಮರಸೇಬು). ರೋಗಜೀವಿಯ ಈಜುವ ಬೀಜಕಣಗಳು ಹಣ್ಣನ್ನು ಹುಡುಕಿಕೊಂಡು ಬಂದು ಸಿಪ್ಪೆಗೆ ಅಂಟುತ್ತವೆ. ನಾಲ್ಕನೆಯ ದಿನ ಬೆಳಿಗ್ಗೆ ನೀರಿನ ಮಟ್ಟದ ಸುತ್ತ ಕಡಲೆಕಾಳಿನಷ್ಟಗಲದ ಐದು ಕಂದು ಕಲೆಗಳಿದ್ದವು. ಒತ್ತಿದರೆ ಮೆತ್ತಗಾಗದ, ಅಂಚು ಸ್ಪಷ್ಟವಾದ ಕಲೆಗಳು. ಮನೆಯ ಬಾಗಿಲಿನ ಬಳಿಯ ಮಣ್ಣು ಹಾಕಿದ್ದ ಎರಡನೆಯ ಡಬ್ಬಿಯ ಹಣ್ಣು ಹಾಗೆಯೇ ಇತ್ತು. ಇಂಥ ಕಲೆಯನ್ನು ಅದೇ ಕುಲದ ಬೇರೆ ಜೀವಿಗಳೂ ಮಾಡಬಹುದಾದ್ದರಿಂದ ಇದನ್ನು ಸುಳಿವೆಂದು ಮಾತ್ರ ತೆಗೆದುಕೊಳ್ಳಬೇಕು. ಮೂರು ವಾರಗಳ ನಂತರ ಪ್ರಯೋಗಾಲಯವೂ ಅದನ್ನೇ ಹೆಸರಿಸಿತು: ಫೈಟಾಫ್ತೊರಾ ಸಿನಮೊಮಿ. ಎರಡೂ ಪರೀಕ್ಷೆಗಳಿಗೆ ಸೇರಿ 240 ಡಾಲರ್.

1922ರಲ್ಲಿ ಸುಮಾತ್ರಾದ ದಾಲ್ಚಿನ್ನಿ ಮರಗಳಿಂದ ಮೊದಲು ವಿವರಿಸಲ್ಪಟ್ಟ ಜೀವಿ ಇದು. ಹೆಸರಿನಲ್ಲಿರುವ ‘ಸಿನಮೊಮಿ’ ಅಲ್ಲಿಂದಲೇ ಬಂದದ್ದು. ಇಲ್ಲಿಯ ಜಾರಾ ಕಾಡಿನಲ್ಲಿ ಮರಗಳು ಸಾಯುವುದನ್ನು ದಶಕಗಳಿಂದ ಕಂಡಿದ್ದರೂ, ಅದಕ್ಕೆ ಈ ಜೀವಿಯೇ ಕಾರಣವೆಂದು ವಿಜ್ಞಾನಿ ಫ್ರ್ಯಾಂಕ್ ಪಾಡ್ಜರ್ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದು 1960ರ ದಶಕದಲ್ಲಿ. ಪಶ್ಚಿಮ ಆಸ್ಟ್ರೇಲಿಯಾದ ನೈರುತ್ಯ ಭಾಗದ 5,710 ಸಸ್ಯಜಾತಿಗಳಲ್ಲಿ ಶೇ. 40ರಷ್ಟು ಇದಕ್ಕೆ ತುತ್ತಾಗಬಲ್ಲವು ಎಂಬ ಲೆಕ್ಕವನ್ನು ಓದಿದ ದಿನ ನಾನು ಕಾಲುವೆಯ ವೀಡಿಯೊವನ್ನು ಅಳಿಸಿಹಾಕಿದೆ.

ಹಂತ 5. ಅಕ್ಟೋಬರ್ 2023: ಗಡಿ ಗುರುತಿಸಿ, ಬೆಂಕಿರೇಖೆಯನ್ನು ಬದಲಿಸಿದ್ದು

ಈ ಜೀವಿಯನ್ನು ಮಣ್ಣಿನಿಂದ ಪೂರ್ತಿ ತೆಗೆಯುವುದು ನನ್ನಂಥವರ ಕೈಯಲ್ಲಿ ಆಗುವ ಮಾತಲ್ಲ. ಇರುವಲ್ಲಿಯೇ ಇರುವಂತೆ ಮಾಡುವುದಷ್ಟೇ ಗುರಿ. ಕೊನೆಯದಾಗಿ ರೋಗ ಕಂಡ ಗಿಡದಿಂದ 15 ಮೀಟರ್ ಆಚೆಗೆ, ಇಳಿಜಾರಿನ ಕೆಳಬದಿಯಲ್ಲಿ 25 ಮೀಟರ್ ಆಚೆಗೆ ಗೂಟ ನೆಟ್ಟು ಗುಲಾಬಿ ಬಣ್ಣದ ಪಟ್ಟಿ ಕಟ್ಟಿದೆ. ಬೇರಿನಿಂದ ಬೇರಿಗೆ ಹರಡುತ್ತಾ ಮೇಲ್ಮುಖವಾಗಿ ಇದು ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮೀಟರ್ ಸಾಗುತ್ತದೆ. ನೀರು ಹರಿಯುವ ದಿಕ್ಕಿನಲ್ಲಿ ಅದರ ವೇಗಕ್ಕೆ ಲೆಕ್ಕವಿಲ್ಲ.

ರೋಗ ಹೇಗೆ ಬಂತು ಎಂಬ ಪ್ರಶ್ನೆಗೆ ಉತ್ತರ ಬೆಂಕಿರೇಖೆಯಲ್ಲೇ ಇತ್ತು. 2021ರ ವಸಂತದಲ್ಲಿ, ನೆಲ ಇನ್ನೂ ಹಸಿಯಾಗಿದ್ದಾಗ, ಒಬ್ಬ ಗುತ್ತಿಗೆದಾರರಿಂದ ಅದನ್ನು ಗ್ರೇಡರ್‌ನಲ್ಲಿ ಕೆರೆಸಿದ್ದೆ. ಯಂತ್ರ ಅಂದು ಬೆಳಿಗ್ಗೆ ಬೇರೆ ಜಾಗದ ಕೆಲಸ ಮುಗಿಸಿ, ಬ್ಲೇಡಿನಲ್ಲಿ ಮಣ್ಣು ಮೆತ್ತಿಕೊಂಡೇ ಬಂದಿತ್ತು. ತೊಳೆದು ತನ್ನಿ ಎಂದು ನಾನೂ ಕೇಳಿರಲಿಲ್ಲ. ಸತ್ತ ಮೊದಲ ಏಳು ಮರಗಳು ಆ ಬ್ಲೇಡು ಹಾದುಹೋದ ಅಂಚಿನಲ್ಲೇ ಇದ್ದವು. ಇದೇ ರಾಜ್ಯದ ಫಿಟ್ಜ್‌ಜೆರಾಲ್ಡ್ ರಿವರ್ ರಾಷ್ಟ್ರೀಯ ಉದ್ಯಾನದ ಬೆಲ್ ಟ್ರ್ಯಾಕ್ ಎಂಬ ದಾರಿಯಲ್ಲಿಯೂ ರೋಗ ಬೇರೂರಿದ್ದು ದಾರಿ ಕಡಿದ ಕೆಲಸದಿಂದಲೇ; ಅಲ್ಲಿ ಬೇಲಿ ಹಾಕಿ, ನೆಲದೊಳಗೆ ಪ್ಲಾಸ್ಟಿಕ್ ತಡೆಗೋಡೆ ಇಳಿಸಿ ಅದನ್ನು ತಡೆಯಬೇಕಾಗಿ ಬಂತು. ಬೆಂಕಿ ತಡೆಯಲೆಂದು ತೆಗೆದ ದಾರಿಯೇ ನಮ್ಮಲ್ಲಿ ರೋಗಕ್ಕೆ ಹೆದ್ದಾರಿಯಾಗಿತ್ತು.

ಬೆಂಕಿರೇಖೆ ಬೇಡವೆನ್ನುವಂತಿಲ್ಲ. ಸ್ಥಳೀಯ ಆಡಳಿತಕ್ಕೆ ಅರ್ಜಿ ಬರೆದು, ರೋಗವಿರುವ 60 ಮೀಟರ್ ಉದ್ದದಲ್ಲಿ ಮಣ್ಣು ಕೆರೆಯುವ ಬದಲು ಹುಲ್ಲು ಮತ್ತು ಪೊದೆಯನ್ನು ನೆಲಮಟ್ಟಕ್ಕೆ ಸವರಿ, ತರಗೆಲೆಯನ್ನು ಬ್ಲೋಯರ್‌ನಿಂದ ಊದಿ ತೆಗೆಯುವುದಕ್ಕೆ ಅನುಮತಿ ಪಡೆದೆ. ಅಂದಿನಿಂದ ಪಾಲಿಸುತ್ತಿರುವ ಕ್ರಮ ಹೀಗಿದೆ. ಕೆಲಸವೆಲ್ಲ ನೆಲ ಒಣಗಿದ ಮೇಲೆ. ಯಾವಾಗಲೂ ಆರೋಗ್ಯದ ಬದಿಯಿಂದ ಆರಂಭಿಸಿ ರೋಗದ ಬದಿಯಲ್ಲಿ ಮುಗಿಸುವುದು, ಹಿಂದಕ್ಕೆ ಬಾರದಿರುವುದು. ಬೂಟಿನ ಅಡಿಯ ಮಣ್ಣನ್ನು ಮೊದಲು ಒಣ ಬ್ರಷ್‌ನಿಂದ ಕೆರೆದು ಆಮೇಲೆ ಸ್ಪಿರಿಟ್ ಹೊಡೆಯುವುದು, ಏಕೆಂದರೆ ಮಣ್ಣಿನ ಹೆಂಟೆಯ ಒಳಗೆ ಸ್ಪಿರಿಟ್ ಇಳಿಯುವುದಿಲ್ಲ. ದಾಟಲೇಬೇಕಾದ ಒಂದು ಕಡೆ ಮೂರು ಟ್ರೇಲರ್ ಸುಣ್ಣಕಲ್ಲಿನ ಪುಡಿಯನ್ನು ಹಾಸಿದೆ (165 ಡಾಲರ್). ಸುಣ್ಣದ ನೆಲದಲ್ಲಿ ಈ ರೋಗ ತಲೆಯೆತ್ತುವುದಿಲ್ಲ, ಜೊತೆಗೆ ಬೂಟಿಗೆ ಕೆಸರು ಹತ್ತುವುದೂ ತಪ್ಪಿತು.

ಹಂತ 6. ಏಪ್ರಿಲ್ 2024: ಮರಗಳಿಗೆ ಫಾಸ್ಫೈಟ್ ಚುಚ್ಚುವಿಕೆ

ಮೈಲುತುತ್ತ ಸುಣ್ಣದ ದ್ರಾವಣವನ್ನೇ ಇಲ್ಲಿಯೂ ಹೊಡೆಯಬಾರದೇಕೆ ಎಂದು ಊರಿನಿಂದ ಪ್ರತಿ ವಾರ ಕೇಳುತ್ತಿದ್ದರು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಅದನ್ನು ರೂಢಿಗೆ ತಂದಾಗಿನಿಂದ ನಮ್ಮ ಕಡೆ ಅದೇ ಮದ್ದು. ಆದರೆ ಬೋರ್ಡೋ ಎಂಬ ಈ ದ್ರಾವಣ ಕೆಲಸ ಮಾಡುವುದು ಅಡಿಕೆ ಗೊನೆಯ ಮೇಲೆ ಲೇಪವಾಗಿ ಕೂತು. ಬೇರಿನ ಒಳಗಿನ ರೋಗಕ್ಕೆ ಅದು ತಲುಪುವುದಿಲ್ಲ. ಫಾಸ್ಫೈಟ್ ಎಂಬ ಮದ್ದು ಮಾತ್ರ ಮರದೊಳಗೆ ಮೇಲಕ್ಕೂ ಕೆಳಕ್ಕೂ ಹರಿದು ಬೇರನ್ನು ಮುಟ್ಟುತ್ತದೆ ಮತ್ತು ಮರದ ಸ್ವಂತ ರಕ್ಷಣೆಯನ್ನು ಎಚ್ಚರಿಸುತ್ತದೆ. 1980ರ ದಶಕದಲ್ಲಿ ಕ್ವೀನ್ಸ್‌ಲ್ಯಾಂಡಿನ ಅವಕಾಡೊ ತೋಟಗಳಲ್ಲಿ ಬೆಳೆದ ವಿಧಾನ ಇದು. ಇದು ಗೊಬ್ಬರದ ಫಾಸ್ಫೇಟ್ ಅಲ್ಲ. ಬ್ಯಾಂಕ್ಸಿಯಾ ಬುಡಕ್ಕೆ ಫಾಸ್ಫೇಟ್ ಸುರಿದರೆ ಮರಕ್ಕೆ ಕೇಡೇ ಹೊರತು ಲಾಭವಿಲ್ಲ. ಮಣ್ಣಿನಲ್ಲಿರುವ ರೋಗಜೀವಿ ಫಾಸ್ಫೈಟ್‌ನಿಂದ ಸಾಯುವುದಿಲ್ಲ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು.

ಸಾಮಾನು: 20 ಮಿ.ಲೀ. ಹಿಡಿಯುವ ಸ್ಪ್ರಿಂಗ್ ಸಿರಿಂಜು 20 (140 ಡಾಲರ್), ಐದು ಲೀಟರ್ ಫಾಸ್ಫೈಟ್ (110), ಡ್ರಿಲ್ ಬಿಟ್ಟುಗಳು (18), ಬ್ಯಾಟರಿ ಡ್ರಿಲ್ ಮನೆಯದೇ. ಪ್ರಮಾಣ: ಶೇ. 5ರ ದ್ರಾವಣ, ಕಾಂಡದ ಸುತ್ತಳತೆಯ ಪ್ರತಿ 20 ಸೆಂ.ಮೀ.ಗೆ ಒಂದು ಸಿರಿಂಜು. 34 ಬ್ಯಾಂಕ್ಸಿಯಾಗಳ ಸುತ್ತಳತೆ ಕೂಡಿಸಿದರೆ 17 ಮೀಟರ್, ಆರು ಜಾರಾ ಮರಗಳದ್ದು 7.8 ಮೀಟರ್, ಒಟ್ಟು 124 ಸಿರಿಂಜು, ಅಂದರೆ ಎರಡೂವರೆ ಲೀಟರ್‌ನಷ್ಟು ದ್ರಾವಣ.

ಮೊದಲ ದಿನವೇ ಎಡವಿದೆ. ನೆರೆಯವರಿಂದ ಬರೆದುಕೊಂಡಿದ್ದ ಚೀಟಿಯಲ್ಲಿ ‘ಲೀಟರಿಗೆ 125 ಮಿ.ಲೀ.’ ಎಂದಿತ್ತು. ಅದು ಲೀಟರಿಗೆ 400 ಗ್ರಾಂ ಇರುವ ಕ್ಯಾನಿನ ಲೆಕ್ಕ; ನಾನು ಕೊಂಡದ್ದು 600 ಗ್ರಾಮಿನದು. ಅದಕ್ಕೆ 83 ಮಿ.ಲೀ. ಸಾಕಿತ್ತು. ಶೇ. 5 ಇರಬೇಕಾದ ದ್ರಾವಣ ಶೇ. 7.5 ಆಯಿತು. ಅಂದು ಹನ್ನೊಂದು ಮರಗಳಿಗೆ ಚುಚ್ಚಿದ್ದೆ. ಎರಡು ವಾರಕ್ಕೆ ಅವುಗಳಲ್ಲಿ ನಾಲ್ಕರ ಎಲೆಯ ಹಲ್ಲುಗಳು ತುದಿಯಿಂದ ಸುಟ್ಟಂತೆ ಕಂದಾದವು. ಒಂದು ಮರ ಒಂದು ಕೊಂಬೆಯನ್ನೇ ಕಳೆದುಕೊಂಡಿತು. ಕ್ಯಾನಿನ ಮೈಮೇಲಿನ ಅಂಕಿಯನ್ನು ಓದಿ ಲೆಕ್ಕ ಹಾಕದೆ ಯಾರ ಚೀಟಿಯನ್ನೂ ನಂಬಬೇಡಿ, ನನ್ನ ಈ ಬರಹದ ಅಂಕಿಯನ್ನೂ ಸೇರಿಸಿ.

ಎರಡನೆಯ ತಪ್ಪು ಹೊತ್ತಿನದು. ಬೆಳಿಗ್ಗೆ ಏಳೂವರೆಗೆ, ಬಿಸಿಲು ಎಲೆಗೆ ತಾಗಿದ ಮೇಲೆ ಚುಚ್ಚಿದ ಸಿರಿಂಜು ಆರು ನಿಮಿಷಕ್ಕೆ ಬರಿದಾಯಿತು. ಹಿಡಿಕೆ ನಿಧಾನವಾಗಿ ಒಳಸರಿಯುವುದನ್ನು ನಿಂತು ನೋಡಬಹುದಿತ್ತು. ಮಧ್ಯಾಹ್ನ ಒಂದಕ್ಕೆ ಅದೇ ಗಾತ್ರದ ಮರದಲ್ಲಿ ಐವತ್ತು ನಿಮಿಷವಾದರೂ ಅರ್ಧ ಉಳಿದಿತ್ತು. ಸೆಕೆಗೆ ಮರ ನೀರೆಳೆಯುವುದನ್ನು ಬಹಳ ಕಡಿಮೆ ಮಾಡಿರುತ್ತದೆ. ನಂತರದ ಮೂರೂ ದಿನ ಹನ್ನೊಂದು ಗಂಟೆಗೆ ಕೆಲಸ ನಿಲ್ಲಿಸಿದೆ.

ತೂತಿನ ವಿಷಯದಲ್ಲಿ ಕೈ ಕಲಿಯಬೇಕಾಯಿತು. ಬುಲ್ ಬ್ಯಾಂಕ್ಸಿಯಾದ ತೊಗಟೆ ಬೆಂಡಿನಂತೆ ದಪ್ಪ. ಬಿಟ್ಟಿಗೆ ಟೇಪು ಸುತ್ತಿ 30 ಮಿ.ಮೀ. ಗುರುತು ಮಾಡಿಕೊಂಡಿದ್ದರಿಂದ ಮೊದಮೊದಲು ತೂತಿನ ಅರ್ಧಕ್ಕಿಂತ ಹೆಚ್ಚು ತೊಗಟೆಯಲ್ಲೇ ಮುಗಿದು, ದ್ರಾವಣ ಹೊರಗೆ ಸೋರಿ ಕಾಂಡದ ಮೇಲೆ ಇಳಿಯಿತು. ಬಿಳಿ ಹೊಟ್ಟು ಬರತೊಡಗಿದಾಗಿನಿಂದ 25-30 ಮಿ.ಮೀ. ಎಣಿಸಬೇಕು. ತೂತು ತುಸು ಕೆಳಮುಖವಾಗಿರಲಿ. ಜಾರಾದ ಹೊಟ್ಟು ನಮ್ಮ ಹೊನ್ನೆಯದರಂತೆ ಕೆಂಪು. ಮರ ಎಷ್ಟು ಗಟ್ಟಿಯೆಂದರೆ ಎರಡು ಬಿಟ್ಟುಗಳು ನೀಲಿಯಾಗಿ ಮೊಂಡಾದವು. ಮೊಂಡು ಬಿಟ್ಟು ತೂತಿನ ಗೋಡೆಯನ್ನು ಸುಟ್ಟು ನಯಮಾಡುತ್ತದೆ, ಆಮೇಲೆ ಮರ ಮದ್ದನ್ನು ಎಳೆದುಕೊಳ್ಳುವುದಿಲ್ಲ.

ಹಂತ 7. ಸೆಪ್ಟೆಂಬರ್–ಅಕ್ಟೋಬರ್ 2024: ಸಿಂಪಡಣೆ, ಮತ್ತು ಕಾಲುವೆಯ ಬಾಯಿ

ಕಾಂಡವಿಲ್ಲದ ಪೊದೆಗಳಿಗೂ ಬಾಲ್ಗಾಕ್ಕೂ ಶೇ. 0.5ರ ದ್ರಾವಣವನ್ನು ಎಲೆ ತೊಯ್ಯುವಂತೆ ಸಿಂಪಡಿಸಿದೆ. 15 ಲೀಟರಿನ ಬೆನ್ನಿನ ಪಂಪಿಗೆ (85 ಡಾಲರ್) ನನ್ನ ಕ್ಯಾನಿನಿಂದ 125 ಮಿ.ಲೀ. ಗಾಳಿಯಿಲ್ಲದ, ಮಳೆ ಸೂಚನೆಯಿಲ್ಲದ ಬೆಳಿಗ್ಗೆಗಳಲ್ಲಿ ನಾಲ್ಕು ಪಂಪು ಮುಗಿದವು. ಇದರಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ.

ನಾಲ್ಕನೆಯ ಪಂಪು ಹೊತ್ತು ಕೆಳಗಿನ ಮೂಲೆಗೆ ಹೋದಾಗ, ಬಸಿಗಾಲುವೆಯ ಬಾಯಿಯಿಂದ ಬೀಸಣಿಗೆಯ ಆಕಾರದಲ್ಲಿ ಹದಿಮೂರು ಗಿಡಗಳು ಸತ್ತಿದ್ದವು. ಬೀಸಣಿಗೆಯ ತುದಿ ಸರಿಯಾಗಿ ಕಾಲುವೆಯ ಬಾಯಿಯಲ್ಲಿತ್ತು. ಇದಕ್ಕೆ ಪೇರುಹಣ್ಣಿನ ಪರೀಕ್ಷೆ ಬೇಕಿರಲಿಲ್ಲ. ಮುಂದಿನ ನಾಲ್ಕು ವಾರಾಂತ್ಯಗಳಲ್ಲಿ ಕಾಲುವೆಯನ್ನು ಗುದ್ದಲಿಯಿಂದಲೇ, ಅದರದೇ ಅಂಚಿನ ಮಣ್ಣಿನಿಂದ ಮುಚ್ಚಿದೆ. ಯಂತ್ರ ತರಲು ಧೈರ್ಯ ಬರಲಿಲ್ಲ. ಮೇಲ್ಭಾಗದಲ್ಲಿ, ರೋಗವಿರುವ ವಲಯದ ಒಳಗೇ, ಒಂದೂವರೆ ಮೀಟರ್ ಚೌಕದ ಇಂಗುಗುಂಡಿ ತೋಡಿ ನೀರನ್ನು ಅಲ್ಲಿಗೇ ತಿರುಗಿಸಿದೆ. ಅಪ್ಪಯ್ಯನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀರು ಎಲ್ಲಿಗೆ ಹೋಗ್ತು ಹೇಳಿ ನಾನೂ ಕೇಳಲ್ಲೆ” ಎಂದರು.

ಹಂತ 8. ಜನವರಿ 2025: ಬೆಂಕಿ

ರಸ್ತೆಯಾಚೆಯ ಹುಲ್ಲಿಗೆ ಹತ್ತಿದ ಬೆಂಕಿ ನಮ್ಮ ಈಶಾನ್ಯ ಮೂಲೆಯ ಅರ್ಧ ಎಕರೆಯನ್ನು ಸುಟ್ಟಿತು. ಅಗ್ನಿಶಾಮಕ ಸ್ವಯಂಸೇವಕರು ಅದೇ ಬೆಂಕಿರೇಖೆಯಲ್ಲಿ ವಾಹನ ತಂದು ಇಪ್ಪತ್ತು ನಿಮಿಷದಲ್ಲಿ ಆರಿಸಿದರು. ರೇಖೆ ಇಲ್ಲದಿದ್ದರೆ ಮನೆ ಉಳಿಯುತ್ತಿತ್ತೆಂದು ಹೇಳಲಾರೆ. ಆ ಹೊತ್ತಿನಲ್ಲಿ ಚಕ್ರ ತೊಳೆಯಿರಿ ಎನ್ನುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ಮರುದಿನ ಚಕ್ರದ ಜಾಡನ್ನೆಲ್ಲ ಗೂಟ ನೆಟ್ಟು ಗುರುತು ಮಾಡಿದೆ. ಮೆದುಗೊಳವೆಯ ನೀರು ಸೋರಿ ಕೆಸರಾಗಿದ್ದ ಎರಡು ಕಡೆ ಸುಣ್ಣಕಲ್ಲಿನ ಪುಡಿ ಉದುರಿಸಿದೆ.

ಸುಟ್ಟ ಭಾಗದಲ್ಲಿ ಮದ್ದು ಹಾಕಿದ್ದ ಒಂಬತ್ತು ಬ್ಯಾಂಕ್ಸಿಯಾಗಳಿದ್ದವು. ಮಾರ್ಚ್ ಹೊತ್ತಿಗೆ ಎಂಟು ಕಾಂಡದಿಂದಲೇ ಚಿಗುರಿದವು. ಕರಿಬಣ್ಣದ ತೊಗಟೆ ಸೀಳಿಕೊಂಡು ಬಂದ ತುಕ್ಕುಬಣ್ಣದ ತುಪ್ಪುಳಿನ ಎಳೆಯೆಲೆಗಳು. ಆದರೆ ಎಲೆಯಲ್ಲಿದ್ದ ಮದ್ದು ಎಲೆಯೊಂದಿಗೇ ಹೋಯಿತು. ನೆರಳೂ ತರಗೆಲೆಯೂ ಇಲ್ಲದ ನೆಲ ಹಗಲು ಬೇಗ ಬಿಸಿಯಾಗುತ್ತದೆ, ಬೇರಿನಿಂದ ನೀರೆಳೆಯುವ ಎಲೆಗಳು ಇಲ್ಲದ್ದರಿಂದ ಮಳೆಯ ನಂತರ ಹೆಚ್ಚು ಹೊತ್ತು ತೇವವಾಗಿಯೂ ಇರುತ್ತದೆ. ಬೆಚ್ಚನೆಯ ಒದ್ದೆನೆಲ ಈ ರೋಗಕ್ಕೆ ಹಾಸಿಗೆ ಹಾಸಿಕೊಟ್ಟಂತೆ. ಎಳೆಚಿಗುರಿಗೆ ಕೂಡಲೇ ಸಿಂಪಡಿಸಿದರೆ ಸುಡುತ್ತದೆಂಬ ಭಯದಿಂದ ಕಾದೆ. ಆ ಕಾಯುವಿಕೆ ತಪ್ಪಾಯಿತೋ ಏನೋ, ಚಳಿಗಾಲದ ಮಳೆ ಮುಗಿಯುವಷ್ಟರಲ್ಲಿ ಸುಟ್ಟ ಬದಿಯ ರೋಗದ ಅಂಚು ಇಳಿಜಾರಿನ ಕಡೆಗೆ ಆರು ಮೀಟರ್ ಸರಿದಿತ್ತು. ಸುಡದ ಬದಿಯಲ್ಲಿ ಗೂಟಗಳು ಇದ್ದಲ್ಲೇ ಇವೆ.

ಸೆಪ್ಟೆಂಬರ್ 2025ರ ಸ್ಥಿತಿ

ಮದ್ದು ಹಾಕಿದ 34 ಬ್ಯಾಂಕ್ಸಿಯಾಗಳಲ್ಲಿ 27 ಬದುಕಿವೆ. ಸತ್ತ ಏಳರಲ್ಲಿ ಮೂರು ಚುಚ್ಚುವಾಗಲೇ ಎಲೆ ಹಳದಿಯಾಗಿದ್ದವು. ಅವುಗಳಿಗೆ ಹಾಕಿದ ಮದ್ದು ದಂಡ. ಆರೂ ಜಾರಾಗಳು ಚೆನ್ನಾಗಿವೆ. ಕಾಲುವೆಯ ಬಾಯಿಯ ಬೀಸಣಿಗೆಯಲ್ಲಿ ಈಗ ಹದಿನೇಳು ಸತ್ತ ಗಿಡಗಳಿವೆ, ಮುಚ್ಚಿದ ಮೇಲೆ ಸತ್ತದ್ದು ನಾಲ್ಕು. ಬ್ರಷ್ಷು ಮತ್ತು ಸ್ಪಿರಿಟ್ಟಿನ 60 ಡಾಲರ್ ಸೇರಿಸಿ ಈವರೆಗಿನ ಖರ್ಚು 1,138 ಡಾಲರ್. ಅದರಲ್ಲಿ ಡಿಗ್ಗರಿನ 320 ರೋಗ ಹರಡಲು ಕೊಟ್ಟ ಹಣ.

ಮುಂದಿನ ಚುಚ್ಚುವಿಕೆ 2026ರ ಏಪ್ರಿಲ್‌ಗೆ. ಹಳೆಯ ತೂತುಗಳು ಮುಚ್ಚಿಕೊಂಡಿವೆ. ಅವುಗಳಿಂದ ಒಂದು ಗೇಣು ಮೇಲೆ, ಅವುಗಳ ನಡುವಿನ ಜಾಗದಲ್ಲಿ ಹೊಸದಾಗಿ ಕೊರೆಯಬೇಕು. ಕ್ಯಾನಿನ ಮೇಲೆ ಕಪ್ಪು ಮಾರ್ಕರ್‌ನಲ್ಲಿ ದಪ್ಪಗೆ ‘83’ ಎಂದು ಬರೆದಿಟ್ಟಿದ್ದೇನೆ.